ಮಾಗಿಯ ಕೆಮ್ಮು, ಮೂರು ತಲೆಮಾರು

ಹೊಸ ಮೆಣಸಿನಕಾಯಿಯ ಚೀಲಗಳು ಬ್ಯಾಡಗಿಯ ಪೇಟೆಗೆ ಬರುವ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು ಸೀಮೆಯಲ್ಲಿ ಮಾಗಿಯ ಚಳಿ ನೆಲೆಗೊಂಡಿರುತ್ತದೆ. ಘಾಟಿಗೆ ಕೆಮ್ಮುವವರು ಪೇಟೆ ದಾಟಿದ ಮೇಲೆ ಸುಧಾರಿಸಿಕೊಳ್ಳುತ್ತಾರೆ. ವೈರಾಣುವಿನ ಕೆಮ್ಮು ಮಾತ್ರ ಅವರೊಡನೆ ಮನೆಗೂ ಬರುತ್ತದೆ. ಚಳಿಗೆ ಕದ ಮುಚ್ಚಿ ಒತ್ತಾಗಿ ಮಲಗುವ ಮನೆಯಲ್ಲಿ ಅದು ಒಬ್ಬರಿಂದೊಬ್ಬರಿಗೆ ಸುಲಭವಾಗಿ ದಾಟುತ್ತದೆ. ಆದರೆ ಎಲ್ಲರನ್ನೂ ಸಮನಾಗಿ ಕಾಡುವುದಿಲ್ಲವೆಂಬುದು ವಿಚಾರಣೀಯವಾದ ಸಂಗತಿ.

ವಯಸ್ಸಿನ ಆದಿಯಲ್ಲಿ ಕಫವೂ ಮಧ್ಯದಲ್ಲಿ ಪಿತ್ತವೂ ಅಂತ್ಯದಲ್ಲಿ ವಾತವೂ ಪ್ರಬಲವೆಂದು ವಾಗ್ಭಟನು ‘ಅಷ್ಟಾಂಗಹೃದಯ’ದಲ್ಲಿ ಹೇಳಿದ್ದಾನೆ. ಆಧುನಿಕ ವೈದ್ಯಶಾಸ್ತ್ರದ ಪರಿಭಾಷೆ ಬೇರೆಯಾದರೂ ವಯಸ್ಸನ್ನು ನೋಡದೆ ರೋಗವನ್ನು ಅಳೆಯಬಾರದೆಂಬ ವಿವೇಕ ಎರಡಕ್ಕೂ ಸಮಾನ. ಆರ್‌ಎಸ್‌ವಿ ಎಂಬ ವೈರಾಣು ಎರಡು ವರ್ಷ ತುಂಬುವುದರೊಳಗೆ ಬಹುಮಟ್ಟಿಗೆ ಎಲ್ಲ ಮಕ್ಕಳನ್ನೂ ಒಮ್ಮೆಯಾದರೂ ತಾಗುತ್ತದೆ. ಹಸುಗೂಸಿನ ಶ್ವಾಸನಾಳದ ಕವಲುಗಳು ಅತಿ ಸಪೂರವಾದುದರಿಂದ ಸ್ವಲ್ಪ ಬಾತರೂ ಪಕ್ಕೆ ಸೆಳೆಯುತ್ತದೆ, ಮೊಲೆಹಾಲು ಕುಡಿಯಲಾಗದು. ಶಾಲೆಗೆ ಹೋಗುವ ಬಾಲಕನಿಗೆ ಸಾಮಾನ್ಯವಾಗಿ ಅದು ಕೆಲವೇ ದಿನಗಳ ನೆಗಡಿ. ಮಧುಮೇಹವೋ ದಮ್ಮೋ ಇರುವ ಅಜ್ಜಿಗಾದರೋ ಅದೇ ನೆಗಡಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ವೃದ್ಧರಲ್ಲಿ ಜ್ವರ ಏರದೆ ಬರಿಯ ನಿತ್ರಾಣ, ಮಂಪರು ತೋರಿ ಮನೆಯವರು ಮೋಸಹೋಗುವುದೂ ಉಂಟು.

ಶೈಶವ, ವಾರ್ಧಕ್ಯಗಳೇ ಸದಾ ಗುರಿಯೆಂದೂ ಹೇಳಲಾಗದು. ಈ ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, 1918ರಲ್ಲಿ, ಬಂದೆರಗಿದ ಇನ್‌ಫ್ಲುಯೆಂಜಾ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನೇ ವಿಶೇಷವಾಗಿ ಬಲಿಗೊಂಡಿತು. ಭಾರತದಲ್ಲಿ ಮಡಿದವರು ಒಂದು ಕೋಟಿಗೂ ಮಿಗಿಲು. 2020ರಲ್ಲಿ ಹಬ್ಬಿದ ಕೋವಿಡ್ ಹಿರಿಯರಿಗೇ ಹೆಚ್ಚು ಮಾರಕವಾಯಿತು.

ಪ್ರತಿವರ್ಷದ ಮಾಗಿಯಲ್ಲಿ ಸೋಂಕನ್ನು ಶಾಲೆಯ ಬೆಂಚಿನಿಂದ ಅಜ್ಜಿಯ ಹಾಸಿಗೆಗೂ ತಮ್ಮನ ತೊಟ್ಟಿಲಿಗೂ ಹೊತ್ತು ತರುವವನು ಅನೇಕ ವೇಳೆ ಆ ಬಾಲಕನೇ. ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ಬಹುಮಾನ ಕೊಡುವ ಪದ್ಧತಿ ಹಲವು ಶಾಲೆಗಳಲ್ಲುಂಟು. ಜ್ವರದಲ್ಲಿಯೂ ಬಂದು ಕುಳಿತ ಮಗುವಿಗೆ ಆ ಬಹುಮಾನ ಸಂದರೆ, ಅದರ ಬೆಲೆಯನ್ನು ಇನ್ನೊಂದು ಮನೆಯ ಮುದುಕಿ ತೆರಬೇಕಾದೀತು. ಜ್ವರದ ದಿನಗಳನ್ನು ಆ ಲೆಕ್ಕದಿಂದ ಕೈಬಿಡುವುದು ಶಿಕ್ಷಕರಿಗೆ ಸಾಧ್ಯವಾದ ಕೆಲಸ. ಪ್ರಸಾದನಿಲಯಕ್ಕೆ ಗಾಳಿಯಾಡುವ ಕಿಟಕಿ, ಕೈತೊಳೆಯಲು ನಲ್ಲಿ, ಕೆಮ್ಮುವ ಹುಡುಗನಿಗೆ ಪ್ರತ್ಯೇಕ ಕೊಠಡಿ, ಇವು ದಾನಿಗಳ ಗಮನಕ್ಕೆ ಯೋಗ್ಯವಾದವು. ವೃದ್ಧ ತಂದೆತಾಯಿಗಳಿಗೆ ವೈದ್ಯರನ್ನು ಕೇಳಿ ಇನ್‌ಫ್ಲುಯೆಂಜಾ ಲಸಿಕೆ ಹಾಕಿಸುವುದು ಹಳೆಯ ವಿದ್ಯಾರ್ಥಿಗಳ ಪಾಲಿನ ಋಣ. ಹಸಿದವರಿಗೆ ಅನ್ನವಿಕ್ಕುವ ದಾಸೋಹದ ಪರಂಪರೆಯಲ್ಲಿ ಪರರ ಉಸಿರನ್ನು ಕಾಯುವ ಈ ಎಚ್ಚರವೂ ಒಂದು ಸೇವೆಯಾಗಿ ಸಲ್ಲಲಿ.