ಬೌಡ್ಲರ್ ಮಹಾಶಯನ ಕ್ರಿಯಾಪದ

ಹೆಸರು ಉಳಿಯಬೇಕೆಂಬ ಆಸೆ ಯಾರಿಗಿಲ್ಲ? ಕೆರೆ ಕಟ್ಟಿಸಿದವರುಂಟು, ಕಾವ್ಯ ಬರೆದವರುಂಟು, ಎರಡೂ ಕೈಲಾಗದೆ ಕೋಟೆಯ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಗೀಚಿ ಬಂದವರೂ ಉಂಟು. ಆದರೆ ನಾಮಪದವಾಗಿ ಹುಟ್ಟಿ ಕ್ರಿಯಾಪದವಾಗಿ ಉಳಿಯುವ ಯೋಗ ಎಲ್ಲರ ಹಣೆಯಲ್ಲಿಯೂ ಬರೆದಿರುವುದಿಲ್ಲ. ಐರ್ಲೆಂಡಿನಲ್ಲಿ ಜಮೀನ್ದಾರರೊಬ್ಬರ ಪಾರುಪತ್ಯಗಾರನಾಗಿದ್ದ ಕ್ಯಾಪ್ಟನ್ ಬಾಯ್ಕಾಟನಿಗೆ ಆ ಯೋಗ 1880ರಲ್ಲಿ, ಬದುಕಿದ್ದಾಗಲೇ ಬಂತು. ಊರಿನವರು ಅವನ ಹೊಲಕ್ಕೆ ಕೂಲಿಗೆ ಹೋಗದೆ, ಅವನಿಗೆ ಸಾಮಾನು ಮಾರದೆ ದೂರವಿಟ್ಟರು. ಅವನ ಹೆಸರೇ ಆ ಕೆಲಸದ ಹೆಸರಾಯಿತು. ಆ ಶಬ್ದ ಪತ್ರಿಕೆ ಓದುವ ಎಲ್ಲರಿಗೂ ಪರಿಚಿತ. ನಾನು ಹೇಳಹೊರಟಿರುವುದು ಅಷ್ಟು ಪ್ರಸಿದ್ಧವಲ್ಲದ, ಆದರೆ ಸಾಹಿತ್ಯ ಪಾಠ ಹೇಳುವವರಿಗೆ ಹೆಚ್ಚು ಹತ್ತಿರದ ಇನ್ನೊಂದು ಕ್ರಿಯಾಪದದ ವಿಚಾರ. ಅದೇ ‘ಬೌಡ್ಲರೈಸ್’.

ಮೊದಲು ಅದರ ಕಾಗುಣಿತ. ಬಿ, ಒ, ಡಬ್ಲ್ಯು, ಡಿ, ಎಲ್, ಇ, ಆರ್. ಆಮೇಲೆ ಒಂದು ಬಾಲ. ಬಾಲದಲ್ಲಿ ‘ಎಸ್’ ಬರೆಯಬೇಕೋ ‘ಜಡ್’ ಬರೆಯಬೇಕೋ ಎಂಬುದರಲ್ಲಿ ಇಂಗ್ಲಿಷರಲ್ಲೇ ಎರಡು ಪಂಗಡ. ಆಕ್ಸ್‌ಫರ್ಡ್ ನಿಘಂಟಿನವರು ಜಡ್ ಪಕ್ಷ. ಬ್ರಿಟನ್ನಿನಲ್ಲಿ ಉಳಿದ ಅನೇಕರು ಎಸ್ ಪಕ್ಷ. ಗ್ರೀಕಿನಿಂದ ಲ್ಯಾಟಿನ್ನಿಗೂ ಫ್ರೆಂಚಿಗೂ ಇಳಿದು ಇಂಗ್ಲಿಷಿಗೆ ಬಂದ ಈ ಬಾಲವನ್ನು ಕಂಡಾಗಲೆಲ್ಲ ನನಗೆ ನಮ್ಮ ‘ಇಸು’ ಪ್ರತ್ಯಯದ ನೆನಪಾಗುತ್ತದೆ. ಪ್ರೀತಿ ಇದ್ದಲ್ಲಿ ಪ್ರೀತಿಸು, ಚಿಂತೆ ಇದ್ದಲ್ಲಿ ಚಿಂತಿಸು. ಎರಡು ಪ್ರತ್ಯಯಗಳಿಗೂ ನೆಂಟಸ್ತಿಕೆಯೇನಿಲ್ಲ, ಮುಖದ ಹೋಲಿಕೆ ಅಷ್ಟೆ. ಆದರೂ ಸಾಧಿತ ಧಾತುಗಳ ಪಾಠ ಮಾಡುವಾಗ ‘ಬೌಡ್ಲರಿಸು’ ಎಂದು ಹಲಗೆಯ ಮೇಲೆ ಬರೆದು ಹುಡುಗರನ್ನು ನಗಿಸಿದ್ದೇನೆ. ಇನ್ನೊಂದು ಸ್ವಾರಸ್ಯವೆಂದರೆ, ಹೆಸರು ಕ್ರಿಯಾಪದವಾದೊಡನೆ ಇಂಗ್ಲಿಷಿನಲ್ಲಿ ಅದರ ಮೊದಲ ದೊಡ್ಡಕ್ಷರ ಹೋಗಿ ಚಿಕ್ಕಕ್ಷರ ಬರುತ್ತದೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲದ್ದರಿಂದ ನಾವು ಯಾರಿಗೂ ಹೀಗೆ ಹಿಂಬಡ್ತಿ ಕೊಡಲಾರೆವು.

ಅರ್ಥ? ಗ್ರಂಥವೊಂದರಲ್ಲಿ ಅಸಭ್ಯವೆಂದು ತೋರಿದ್ದನ್ನೆಲ್ಲ ಕತ್ತರಿಸಿ ಅದನ್ನು ಮನೆಮಂದಿಯ ನಡುವೆ ಓದುವಂತೆ ಮಾಡುವುದು. ಹಾಗೆ ಮಾಡುವ ಭರದಲ್ಲಿ ಅದರ ಸತ್ತ್ವವನ್ನೂ ತೆಗೆದುಬಿಡುವುದು. ಇದಕ್ಕೆ ಕನ್ನಡದಲ್ಲಿ ಒಂದೇ ಮಾತು ನನಗೆ ಸಿಕ್ಕಿಲ್ಲ. ‘ಪರಿಷ್ಕರಿಸು’ ಎಂದರೆ ಹೊಗಳಿಕೆಯಾಯಿತು. ‘ಅಂಗಹೀನ ಮಾಡು’ ಎಂದರೆ ಬೈಗುಳವಾಯಿತು. ಒಳ್ಳೆಯ ಉದ್ದೇಶ, ಕೆಟ್ಟ ಫಲ ಎರಡನ್ನೂ ಒಟ್ಟಿಗೆ ಹೊತ್ತ ಶಬ್ದ ಬೇಕಾದರೆ ಬೌಡ್ಲರನ ಬಳಿಗೇ ಹೋಗಬೇಕು.

ಯಾರು ಈ ಬೌಡ್ಲರ್? 1754ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ಬಳಿ ಹುಟ್ಟಿದ ಥಾಮಸ್ ಬೌಡ್ಲರ್ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದು, ಆಮೇಲೆ ವೈದ್ಯವೃತ್ತಿಯನ್ನೇ ಬಿಟ್ಟ ಗೃಹಸ್ಥ. ಚದುರಂಗದಲ್ಲಿ ಗಟ್ಟಿಗ. ಅವನ ಬಾಲ್ಯದಲ್ಲಿ ತಂದೆ ಸಂಜೆ ಹೊತ್ತು ಮನೆಯವರನ್ನೆಲ್ಲ ಕೂರಿಸಿಕೊಂಡು ಷೇಕ್ಸ್‌ಪಿಯರನ ನಾಟಕಗಳನ್ನು ಗಟ್ಟಿಯಾಗಿ ಓದುತ್ತಿದ್ದನಂತೆ. ಹೆಂಗಸರು ಮಕ್ಕಳ ಕಿವಿಗೆ ಬೀಳಬಾರದ ಮಾತು ಬಂದಾಗ ತಡವರಿಸದೆ ದಾಟಿಬಿಡುತ್ತಿದ್ದ. ಏನೋ ಬಿಟ್ಟುಹೋಯಿತೆಂಬುದೇ ಕೇಳುವವರಿಗೆ ತಿಳಿಯುತ್ತಿರಲಿಲ್ಲ. ಎಲ್ಲ ಮನೆಗಳಲ್ಲಿಯೂ ಅಂಥ ಜಾಣ ತಂದೆ ಇರುತ್ತಾನೆಯೇ? ಆದ್ದರಿಂದ ಆ ತಂದೆಯ ಕೆಲಸವನ್ನು ಪುಸ್ತಕವೇ ಮಾಡಲಿ ಎಂದು ‘ದಿ ಫ್ಯಾಮಿಲಿ ಷೇಕ್ಸ್‌ಪಿಯರ್’ ಹೊರಟಿತು. 1818ರ ಆವೃತ್ತಿ ಹತ್ತು ಸಂಪುಟ, 36 ನಾಟಕ. ಮುಖಪುಟದಲ್ಲಿ ಥಾಮಸ್ ಬೌಡ್ಲರನ ಹೆಸರು. ದೇವರ ಹೆಸರಿನ ಉದ್ಗಾರಗಳು ಹೋಗಿ ಸ್ವರ್ಗದ ಹೆಸರಿನವು ಬಂದವು. ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿದ್ದ ವೇಶ್ಯೆ ಡಾಲ್ ಟೇರ್‌ಷೀಟ್ ಪಾತ್ರಕ್ಕೆ ಪಾತ್ರವೇ ಮಾಯ. ಆದರೆ ‘ಒಥೆಲೊ’ಗೆ ಬಂದಾಗ ಕತ್ತರಿ ಸೋತಿತು. ಆ ನಾಟಕದ ಬೇರೇ ಸಂದೇಹದ ವಿಷದಲ್ಲಿದೆ. ಏನು ಕತ್ತರಿಸಿದರೂ ಅದು ಹೋಗದು. ಇದನ್ನು ಪಡಸಾಲೆಯಿಂದ ಒಳಕೋಣೆಗೆ ಸಾಗಿಸುವುದೇ ಲೇಸು ಎಂದು ಅವನೇ ಸಲಹೆ ಕೊಟ್ಟ. ನಮ್ಮ ಜನ್ನನ ‘ಯಶೋಧರ ಚರಿತೆ’ಯನ್ನು ಕೈಗೆ ಕೊಟ್ಟಿದ್ದರೂ ಹೀಗೇ ಸೋಲುತ್ತಿದ್ದ. ರಾಣಿ ಅಮೃತಮತಿ ಕುರೂಪಿ ಮಾವುತನಿಗೆ ಮನಸೋತದ್ದನ್ನು ತೆಗೆದರೆ ಕಾವ್ಯದಲ್ಲಿ ಉಳಿಯುವುದಾದರೂ ಏನು?

1825ರಲ್ಲಿ ಬೌಡ್ಲರ್ ತೀರಿಕೊಂಡ. ಹನ್ನೊಂದು ವರ್ಷದ ಮೇಲೆ, 1836ರಲ್ಲಿ, ಪೆರೊನೆಟ್ ಥಾಮ್ಸನ್ ಎಂಬ ಸೇನಾಧಿಕಾರಿ ಅವನನ್ನು ಕ್ರಿಯಾಪದವಾಗಿ ಪ್ರಯೋಗಿಸಿದ. ಅಲ್ಲಿಂದ ಮುಂದೆ ಆ ಹೆಸರಿಗೆ ನಗೆಪಾಟಲೇ ಗತಿ. ಪಾಪ, ಕವಿ ಸ್ವಿನ್‌ಬರ್ನ್ ಮಾತ್ರ 1894ರಲ್ಲಿ ಅವನ ಪರವಾಗಿ ನಿಂತು, ಬುದ್ಧಿವಂತ ಮಕ್ಕಳ ಕೈಗೆ ಷೇಕ್ಸ್‌ಪಿಯರನನ್ನು ಕೊಟ್ಟ ಉಪಕಾರ ಇವನದೆಂದ. ಆ ಮಾತಿನಲ್ಲಿಯೂ ಸತ್ಯವಿದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಪುಸ್ತಕದ ಮೊದಲ ಆವೃತ್ತಿ 1818ರದಲ್ಲ. ಇಪ್ಪತ್ತು ನಾಟಕಗಳ ಅದು 1807ರಲ್ಲಿಯೇ ಬಾತ್ ಪಟ್ಟಣದಲ್ಲಿ, ಸಂಪಾದಕರ ಹೆಸರಿಲ್ಲದೆ ಹೊರಬಂದಿತ್ತು. ಅದನ್ನು ಸಿದ್ಧಪಡಿಸಿದವಳು ಥಾಮಸನ ಅಕ್ಕ ಹೆನ್ರಿಯೆಟಾ ಮರಿಯಾ, ಮನೆಯವರ ಪಾಲಿಗೆ ಹ್ಯಾರಿಯೆಟ್. ಆಗ ಅವಳಿಗೆ ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅಶ್ಲೀಲವನ್ನು ಕತ್ತರಿಸಬೇಕಾದರೆ ಮೊದಲು ಅದನ್ನು ಓದಬೇಕು, ಓದಿ ಅರ್ಥಮಾಡಿಕೊಳ್ಳಬೇಕು. ಮರ್ಯಾದಸ್ಥ ಕನ್ಯೆಗೆ ಆ ಮಾತುಗಳು ಅರ್ಥವಾದವು ಎಂದು ಒಪ್ಪುವುದು ಹೇಗೆ? ಪುಸ್ತಕಕ್ಕೆ ತಮ್ಮನ ಹೆಸರು ಬಂತು. ಕೊನೆಗೆ ನಿಘಂಟಿಗೂ ತಮ್ಮನೇ ಹೋದ. ಷೇಕ್ಸ್‌ಪಿಯರನಿಂದ ಅವರು ತೆಗೆದದ್ದೆಲ್ಲ ಮೂಲಗ್ರಂಥಗಳಲ್ಲಿ ಭದ್ರವಾಗಿತ್ತು. ಹ್ಯಾರಿಯೆಟ್ಟಳನ್ನು ತೆಗೆದದ್ದು ಮಾತ್ರ ಒಂದು ಶತಮಾನ ಕಳೆದರೂ ಬಹುಮಂದಿಗೆ ಗೊತ್ತಾಗಲಿಲ್ಲ. ಕತ್ತರಿಗಳಲ್ಲಿ ಯಾವುದು ಹೆಚ್ಚು ಹರಿತವೆಂದು ಇದರಿಂದ ತಿಳಿಯುತ್ತದೆ. ಗುರುತು ಉಳಿಸದ್ದೇ ಹರಿತ.

ನಮ್ಮ ಪಠ್ಯಗಳ ವಿಷಯಕ್ಕೆ ಬರೋಣ. ಹಳಗನ್ನಡ ಕಾವ್ಯದ ಆಯ್ದ ಭಾಗವೊಂದನ್ನು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸಾರ್, 23ನೆಯ ಪದ್ಯ ಆದ ಮೇಲೆ 31 ಬಂದಿದೆ. ನಡುವೆ ಏನಿದೆ?” ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಗ್ರಂಥಾಲಯದಲ್ಲಿ ಪೂರ್ಣ ಗ್ರಂಥ ಇದೆಯೆಂದು ಹೇಳಿ, ಎಲ್ಲಿದೆಯೆಂಬುದನ್ನೂ ತಿಳಿಸಿದೆ. ಮೂರು ದಿನ ಬಿಟ್ಟು ಬಂದು ಅವಳು ಹೇಳಿದ್ದಿಷ್ಟು: “ನಾಚಿಕೆಗಿಂತ ಸಮಾಸಗಳೇ ಕಷ್ಟವಾಗಿದ್ದವು ಸಾರ್.”

ಅವಳು ಕೇಳಲು ಸಾಧ್ಯವಾದದ್ದು ಯಾರೋ ಸಂಪಾದಕರು ಮೂಲದ ಸಂಖ್ಯೆಗಳನ್ನು ಹಾಗೆಯೇ ಉಳಿಸಿದ್ದರಿಂದ. 23ರ ಮೇಲೆ 24 ಎಂದು ಹೊಸದಾಗಿ ಅಂಕಿ ಹಾಕಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಈಗ ನನ್ನ ಪಾಲಿಗೂ ಅಂಥದೊಂದು ಸಂಕಲನದ ಕೆಲಸ ಬಂದಿದೆ. ಸಂಖ್ಯೆಗಳನ್ನು ಒಂದರಿಂದ ಮತ್ತೆ ಕೊಡಿ, ನೋಡಲು ಅಚ್ಚುಕಟ್ಟಾಗಿರುತ್ತದೆ ಎಂದು ಸಹೋದ್ಯೋಗಿಗಳು ಸಲಹೆ ಕೊಟ್ಟರು. ಪುಟಗಳ ಮಿತಿ ಇದೆ, ಹದಿಹರೆಯದವರ ತರಗತಿ ಇದೆ. ಕತ್ತರಿ ಹಿಡಿಯುವುದಿಲ್ಲವೆಂದು ನಾನು ಪ್ರತಿಜ್ಞೆ ಮಾಡಲಾರೆ. ಸಂಖ್ಯೆಗಳನ್ನು ಮಾತ್ರ ಮುಟ್ಟುವುದಿಲ್ಲವೆಂದು ಹೇಳಿದ್ದೇನೆ. ಪುಟ ಅಚ್ಚುಕಟ್ಟಾಗಿ ಕಾಣದಿದ್ದರೆ ಬೇಡ. ಕೇಳುವ ಹುಡುಗಿಗೆ ಕೇಳಲು ಒಂದು ಸಂದಿ ಇರಲಿ.