ಅದು ಕಾಟು ಹಾಕಿದ ಗುರುತಲ್ಲ

ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ದಿನಕ್ಕೆ ಹತ್ತು ಸಲ ‘ಬಿ.ಎಚ್. ರಸ್ತೆ’ ಎನ್ನುವ ನಾವು, ಅದು ಬೆಂಗಳೂರು–ಹೊನ್ನಾವರ ರಸ್ತೆ ಎಂಬುದನ್ನು ನೆನೆಯುವುದೇ ಇಲ್ಲ. ರಸ್ತೆಗೆ ಅದರಿಂದ ಬೇಸರವೇನಿಲ್ಲ. ಆದರೆ ದೇವರ ಹೆಸರನ್ನು ಮೊಟಕು ಮಾಡಿದಾಗ ಸಂಗತಿ ಅಷ್ಟು ಸಲೀಸಲ್ಲ. ಡಿಸೆಂಬರ್ ಬಂತೆಂದರೆ ಅಂಗಡಿ, ಶಾಲೆ, ಶುಭಾಶಯ ಪತ್ರಗಳಲ್ಲೆಲ್ಲ ಕಾಣುವ ‘ಎಕ್ಸ್‌ಮಸ್’ ಎಂಬ ಪದದ ಪಾಡು ಇದು.

ಭದ್ರಾವತಿಗೆ 1923ರಲ್ಲಿ ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಹೊರ ಪ್ರಾಂತಗಳಿಂದ ಕೆಲಸಕ್ಕೆ ಬಂದು ನೆಲೆಸಿದವರಲ್ಲಿ ಕ್ರೈಸ್ತ ಕುಟುಂಬಗಳೂ ಇದ್ದವು. ಹಾಗಾಗಿ ಅಲ್ಲಿ ನನ್ನ ತರಗತಿಯಲ್ಲಿ ಕ್ರೈಸ್ತ ಮಕ್ಕಳಿಲ್ಲದ ವರ್ಷವೇ ಇರಲಿಲ್ಲ. ಒಮ್ಮೆ ಹುಡುಗರು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಹ್ಯಾಪಿ ಎಕ್ಸ್‌ಮಸ್’ ಎಂದು ಬರೆದಿದ್ದರು. ಎಂಟನೆಯ ತರಗತಿಯ ಒಬ್ಬಳು ಹುಡುಗಿ ಎದ್ದು ಹೋಗಿ ಅದನ್ನು ಅಳಿಸಿಬಿಟ್ಟಳು. “ನಮ್ಮ ಸ್ವಾಮಿಯ ಹೆಸರಿಗೆ ಕಾಟು ಹಾಕಿದ್ದಾರೆ ಸಾರ್” ಎಂದಳು. ಬರೆದ ಹುಡುಗನಿಗೆ ಅಳು ಬಂದಿತ್ತು. ಅವನು ಪ್ರೀತಿಯಿಂದಲೇ ಬರೆದದ್ದು. ಅಷ್ಟರಲ್ಲಿ ಇನ್ನೊಬ್ಬ, “ಎಕ್ಸ್ ಅಂದ್ರೆ ಗೊತ್ತಿಲ್ಲದ್ದು ಅಂತ ನೀವೇ ಹೇಳಿಕೊಟ್ಟಿದ್ದೀರಲ್ಲ ಸಾರ್?” ಎಂದ.

ತಪ್ಪು ಅವನದಲ್ಲ. ಬೀಜಗಣಿತದ ಅವ್ಯಕ್ತಕ್ಕೆ ಎಕ್ಸ್ ಬಳಸುವ ರೂಢಿ ಫ್ರಾನ್ಸಿನ ಡೆಕಾರ್ಟೆಯ 1637ರ ಗ್ರಂಥದಿಂದ ಬಂತು. 1895ರಲ್ಲಿ ರೋಂಟ್‌ಜೆನ್ ತಾನು ಕಂಡ ಕಿರಣದ ಗುಣ ತಿಳಿಯದೆ ಅದಕ್ಕೂ ಎಕ್ಸ್ ಎಂದೇ ಹೆಸರಿಟ್ಟ. ಆತ ಆ ವರದಿಯನ್ನು ಒಪ್ಪಿಸಿದ್ದು ಡಿಸೆಂಬರ್ 28ರಂದು, ಕ್ರಿಸ್‌ಮಸ್ ಕಳೆದ ಮೂರೇ ದಿನಕ್ಕೆ! ಇನ್ನು ನಮ್ಮ ಮೇಷ್ಟ್ರುಗಳ ಕೆಂಪು ಶಾಯಿಯ ಎಕ್ಸ್ ಯಾವ ಮಗುವಿಗೆ ಗೊತ್ತಿಲ್ಲ?

ಆದರೆ ಹಬ್ಬದ ಎಕ್ಸ್ ಇಂಗ್ಲಿಷಿನ ಅಕ್ಷರವೇ ಅಲ್ಲ, ಗ್ರೀಕರದು. ಇಂಗ್ಲಿಷಿನಲ್ಲಿ ಅದರ ಹೆಸರು ‘ಕೈ’. ಅದರ ಉಚ್ಚಾರ ನಮ್ಮ ‘ಖ’ಕಾರಕ್ಕೆ ಹತ್ತಿರ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ರೂಪ ಒಂದೇ ಇದ್ದು ಕೆಲಸ ಬೇರೆಯಾದಂತೆ ಇದು. ಹೊಸ ಒಡಂಬಡಿಕೆ ನಮಗೆ ಉಳಿದು ಬಂದಿರುವುದು ಗ್ರೀಕಿನಲ್ಲಿ. ಅದರಲ್ಲಿ ‘ಖ್ರಿಸ್ತೋಸ್’, ಎಂದರೆ ಅಭಿಷಿಕ್ತ, ಎಂಬ ಪದದ ಮೊದಲ ಅಕ್ಷರವೇ ಈ ಕತ್ತರಿ ಗುರುತು. ಹಳೆಯ ಹಸ್ತಪ್ರತಿಗಳಲ್ಲಿ ದೇವರು, ಪ್ರಭು, ಯೇಸು, ಕ್ರಿಸ್ತ ಮುಂತಾದ ಪವಿತ್ರ ನಾಮಗಳನ್ನೇ ಆರಿಸಿ ಮೊಟಕಾಗಿ ಬರೆದು, ಮೇಲೊಂದು ಗೆರೆ ಎಳೆಯುತ್ತಿದ್ದರು. ಅದು ಜಾಗದ ಉಳಿತಾಯವಷ್ಟೇ ಅಲ್ಲ, ಗೌರವವೂ ಹೌದು. ನಮ್ಮ ಹಿರಿಯರು ಕಾಗದದ ತಲೆಗೆ ‘ತೀ||ರೂ||’ ಎಂದು ಬರೆದಾಗ ತಂದೆಯ ಮರ್ಯಾದೆ ಕಡಿಮೆಯಾಯಿತೇ? ‘ಮಸ್’ ಎಂದರೆ ಬಲಿಪೂಜೆ. ಇಂಗ್ಲೆಂಡಿನಲ್ಲಿ ಹಬ್ಬದ ಹೆಸರನ್ನು ಈ ಗ್ರೀಕ್ ಅಕ್ಷರದಿಂದ ಮೊಟಕಾಗಿ ಬರೆಯುವ ರೂಢಿಗೆ ಸುಮಾರು 900 ವರ್ಷ ತುಂಬಿದೆ. ಅಂದರೆ ವ್ಯಾಪಾರಿಗಳೋ ನಾಸ್ತಿಕರೋ ಇತ್ತೀಚೆಗೆ ಕ್ರಿಸ್ತನನ್ನು ಹಬ್ಬದಿಂದ ಹೊರಹಾಕಲು ಹೂಡಿದ ಉಪಾಯ ಇದಲ್ಲ.

ಇಷ್ಟನ್ನೂ ಮಕ್ಕಳಿಗೆ ಹೇಳಿದೆ. ಮರುದಿನ ಆ ಹುಡುಗಿಯ ತಂದೆ ಪಾಳಿ ಮುಗಿಸಿ ಬಂದಾಗ ಅವರಿಗೂ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಆ ಅಕ್ಷರವನ್ನೇ ನೋಡಿ, “ಸಂತೋಷ ಸಾರ್. ಆದರೆ ಓದುವವರಿಗೆಲ್ಲ ಗ್ರೀಕ್ ಬರೋದಿಲ್ಲವಲ್ಲ, ಪೂರ್ತಿ ಹೆಸರೇ ಬರೆಸಿ” ಎಂದರು.

ಅವರ ಮಾತಿಗೆ ನನ್ನ ತಕರಾರಿಲ್ಲ. ಇಂಗ್ಲಿಷ್ ಪತ್ರಿಕೆಗಳ ಬರವಣಿಗೆಯ ಕೈಪಿಡಿಗಳೂ ಈ ಹ್ರಸ್ವರೂಪ ಬೇಡ ಎನ್ನುವುದುಂಟು. ಚೀಟಿಯಲ್ಲಿ, ಟಿಪ್ಪಣಿಯಲ್ಲಿ ಎಕ್ಸ್ ಇರಲಿ. ಸ್ನೇಹಿತನ ಮನೆಗೆ ಕಳಿಸುವ ಶುಭಾಶಯದಲ್ಲಿ ಇನ್ನು ಐದು ಅಕ್ಷರ ಬರೆದರೆ ಕೈಯೇನೂ ಸವೆಯುವುದಿಲ್ಲ. ಆ ವರ್ಷ ಹುಡುಗ ಹಾಗೆಯೇ ಬರೆದ, ಹುಡುಗಿ ಬದಿಯಲ್ಲಿ ನಕ್ಷತ್ರ ಬಿಡಿಸಿದಳು.

ಮುಂದೊಮ್ಮೆ ಯಾವುದಾದರೂ ಚರ್ಚಿಗೆ ಹೋದಾಗ ಬಲಿಪೀಠದ ಹೊದಿಕೆಯನ್ನೋ ಗುರುಗಳ ಪೂಜಾವಸ್ತ್ರವನ್ನೋ ಗಮನಿಸಿ. ಇಂಗ್ಲಿಷಿನ ‘ಪಿ’ಯಂಥ ಅಕ್ಷರದ ಕಾಲಿಗೆ ಕತ್ತರಿಯಂತೆ ಎಕ್ಸ್ ಹೆಣೆದ ಚಿಹ್ನೆ ಕಂಡೀತು. ಆ ‘ಪಿ’ ಕೂಡ ‘ಪಿ’ ಅಲ್ಲ, ಗ್ರೀಕರ ರಕಾರ. ಎರಡೂ ಸೇರಿದರೆ ಕ್ರಿಸ್ತನ ಹೆಸರಿನ ಮೊದಲೆರಡು ಅಕ್ಷರ.