ಒಗರು

ಫ್ರಾನ್ಸಿನ ಬೋರ್ಡೋ ಕೆಂಪು ವೈನಿನ ಮೊದಲ ಗುಟುಕಿನಲ್ಲಿ ನಾಲಿಗೆ ಹುಡುಕುವುದು ಸಿಹಿಯನ್ನು, ಸಿಗುವುದು ಒಗರು. ದ್ರಾಕ್ಷಿಯ ಸಕ್ಕರೆ ಬಹುಪಾಲು ರಸ ಹುದುಗುವಾಗಲೇ ಮದ್ಯಸಾರವಾಗಿರುತ್ತದೆ. ಉಳಿಯುವುದು ಹಣ್ಣಿನ ಪರಿಮಳ, ಒಂದಿಷ್ಟು ಹುಳಿ, ಸಿಪ್ಪೆ-ಬೀಜಗಳಿಂದ ಇಳಿದ ಟ್ಯಾನಿನ್. ಬಾಟಲಿಯ ಚೀಟಿಗಳಲ್ಲಿ ಬ್ಲ್ಯಾಕ್‌ಕರಂಟ್, ಸೀಡರ್ ಮರ ಎಂದು ಬರೆದಿರುತ್ತದೆ. ಹುಬ್ಬಳ್ಳಿ-ಧಾರವಾಡದವರಿಗೆ ಬ್ಲ್ಯಾಕ್‌ಕರಂಟ್ ಗೊತ್ತಿರುವುದು ಐಸ್‌ಕ್ರೀಮಿನಲ್ಲಿ, ಗಿಡದಲ್ಲಿ ಅಲ್ಲ. ಇಲ್ಲಿಯವರಿಗೆ ಈ ವೈನನ್ನು ತಿಳಿಸಿ ಹೇಳಲು ನೇರಳೆ ಹಣ್ಣು ಸಾಕು.

ಮುಂಗಾರು ಹಿಡಿಯುವ ಹೊತ್ತಿಗೆ ಧಾರವಾಡದ ಪೇಟೆಗೆ ಬುಟ್ಟಿಗಳಲ್ಲಿ ನೇರಳೆ ಬರುತ್ತದೆ. ಉಪ್ಪು ಸವರಿ ನಾಲ್ಕು ಹಣ್ಣು ತಿಂದರೆ ನಾಲಿಗೆ ಬಣ್ಣಗಟ್ಟಿ ಅಂಗುಳಕ್ಕೆ ಅಂಟುತ್ತದೆ. ಒಸಡಿನ ಮೇಲೆ ಒರಟು ಬಟ್ಟೆ ಉಜ್ಜಿದ ಹಾಗಾಗುತ್ತದೆ. ಜೊಲ್ಲಿನ ಪ್ರೋಟೀನುಗಳನ್ನು ಟ್ಯಾನಿನ್ ಹಿಡಿದುಕೊಂಡಾಗ ಬಾಯಿಯ ಜಾರುತನ ಹೋಗುವುದೇ ಇದಕ್ಕೆ ಕಾರಣ. ಆಯುರ್ವೇದ ಇದನ್ನು ಕಷಾಯವೆಂದು ಕರೆದು ಆರು ರಸಗಳಲ್ಲಿ ಸೇರಿಸಿತು. ಕನ್ನಡದ ಒಗರು ಅದಕ್ಕಿಂತ ಮನೆಯ ಮಾತು. ಗೇರುಹಣ್ಣಿನ ಒಗರು ಗಂಟಲು ಹಿಡಿಯುತ್ತದೆ. ನೆಲ್ಲಿಕಾಯಿಯದು ಮೇಲೆ ನೀರು ಕುಡಿದರೆ ಸಿಹಿಯಾಗುತ್ತದೆ. ಎಳೆ ಬಾಳೆಕಾಯಿಯದು ಹೆಚ್ಚಿದ ಕೈಯಲ್ಲೂ ಕಲೆಯಾಗಿ ಉಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಗಟ್ಟಿ ಕೆಂಪು ನೀರಿಗೆ ಚೊಗರು ಎಂಬ ಬೇರೆ ಹೆಸರೇ ಇದೆ. ಇಷ್ಟು ಬಗೆಯ ಒಗರನ್ನು ಬಲ್ಲ ನಾಲಿಗೆಗೆ ವೈನಿನ ರುಚಿ ಹೇಳಲು ಪರಭಾಷೆಯ ಹಣ್ಣಿನ ಹೆಸರು ಬೇಕಿಲ್ಲ.

ಬೋರ್ಡೋದಲ್ಲಿ ಒಗರಿನ ಪ್ರಮಾಣ ಮಣ್ಣಿನೊಂದಿಗೂ ಬದಲಾಗುತ್ತದೆ. ಜಿರೋಂದ್ ಅಳಿವೆಯ ಎಡದಂಡೆಯ ಮೆಡೋಕಿನಲ್ಲಿ ನೆಲ ಗರಸು. ಮಳೆನೀರು ಬೇಗ ಬಸಿಯುತ್ತದೆ, ಬಿಸಿಲಿನ ಕಾವು ಕಲ್ಲಿನಲ್ಲಿ ಉಳಿಯುತ್ತದೆ. ತಡವಾಗಿ ಹಣ್ಣಾಗುವ, ದಪ್ಪ ಸಿಪ್ಪೆಯ ಕಾಬರ್ನೆ ಸಾವಿನ್ಯೋಂಗೆ ಅದು ಹೇಳಿ ಮಾಡಿಸಿದ ಜಾಗ. ಆ ವೈನು ಎಳೆಯದಿದ್ದಾಗ ಒಗರು ಬಿಗಿ, ವರ್ಷ ಕಳೆದಂತೆ ಹದ. ಬಲದಂಡೆಯ ಪೊಮೆರೋಲಿನಲ್ಲಿ ತೇವ ಹಿಡಿಯುವ ಜೇಡಿಮಣ್ಣು. ಬೇಗ ಮಾಗುವ ಮೆರ್ಲೋ ದ್ರಾಕ್ಷಿ, ಮೆತ್ತನೆಯ ವೈನು. ಧಾರವಾಡ ಸೀಮೆಯ ರೈತರಿಗೆ ಈ ಭೇದ ಹೊಸದಲ್ಲ. ನವಲಗುಂದದ ಎರಿ ಹೊಲ ನೀರನ್ನು ಒಡಲಲ್ಲಿಟ್ಟು ಹಿಂಗಾರಿನ ಕಡಲೆ ಬೆಳೆಸುತ್ತದೆ; ಕಲಘಟಗಿ ಕಡೆಯ ಮಸಾರಿ ಬೇಗ ಬಸಿಯುತ್ತದೆ. ಎರಿ, ಮಸಾರಿ ಎಂದ ಕೂಡಲೇ ಬೆಳೆಯೂ ನೀರೂ ರುಚಿಯೂ ಒಟ್ಟಿಗೆ ಮನಸ್ಸಿಗೆ ಬರುತ್ತವೆ. ಫ್ರೆಂಚರ ತೆರುವಾರ್ ಎಂಬ ಮಾತೂ ಇಂಥದ್ದೇ.

ಬೋರ್ಡೋದ ಬಳ್ಳಿ ಕರ್ನಾಟಕಕ್ಕೂ ಬಂದಿದೆ. ಉದ್ಯಮಿ ಕನ್ವಲ್ ಗ್ರೋವರ್ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಗಳ ತೋಟ ಮಾಡಿದರು. ಪೊಮೆರೋಲಿನ ವೈನ್ ತಜ್ಞ ಮಿಶೆಲ್ ರೊಲ್ಲಾಂ ಅಲ್ಲಿ ಸಲಹೆಗಾರರಾದರು. ಗ್ರೋವರ್ ಕಂಪನಿಯ ಲಾ ರಿಸರ್ವ್ ವೈನಿನಲ್ಲಿ ಕಾಬರ್ನೆಗೆ ಕೂಡಿರುವುದು ಶಿರಾಜ್, ಬೋರ್ಡೋದ ರೂಢಿಯ ಮೆರ್ಲೋ ಅಲ್ಲ. ಬೋರ್ಡೋದ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಣ್ಣು ಕೊಡುತ್ತದೆ. ಇಲ್ಲಿನ ಬಳ್ಳಿಗೆ ಆ ನಿದ್ದೆಯಿಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆರಡು ಸಲ ಕತ್ತರಿ ಹಾಕುತ್ತಾರೆ. ಹಣ್ಣು ಬೇಸಿಗೆಯ ಬಾಗಿಲಲ್ಲಿ ಮಾಗುತ್ತದೆ. ತಳಿ ಅದೇ ಆದರೂ ಬಿಸಿಲು ಬೇರೆ, ಆದ್ದರಿಂದ ವೈನೂ ಬೇರೆ. ಈ ನೆಲದ ದ್ರಾಕ್ಷಿಯ ಬಾಟಲಿಗೆ ಚೀಟಿ ಬರೆಯುವವರು ನೇರಳೆ, ಒಗರು ಎಂಬ ಎರಡು ಮಾತುಗಳನ್ನು ಕನ್ನಡದಲ್ಲೇ ಅಚ್ಚು ಹಾಕಿಸಬೇಕು.